ಆಧಾರ: ನನ್ನಪ್ಪ, ನೀರುಗಂಟಿ

ಕಬ್ಬಿನ ಗದ್ದೆ, ಭತ್ತದ ಗದ್ದೆ ಬಿಟ್ಟರೆ ಬೇರೇನೂ ಕಾಣದ ಮಂಡ್ಯ ಸೀಮೆಯ ಹುಡುಗಿಯಾದ ನಾನು ಗುಡ್ಡ ಕುಸಿತದ ಮೇಲೆ ಸಂಶೋಧನಾ ಪ್ರಬಂಧ ಬರೆಯಲು ಹೊರಟಿದ್ದು ಎಪ್ಪತ್ತರ ದಶಕದ ನಮ್ಮ ಕಾಲೇಜಿಗೆಲ್ಲ ನಗೆಪಾಟಲಾಗಿತ್ತು. ನಗಲಿ ಬಿಡಿ. ಬೆಂಗಳೂರಿನ ಕಂಪ್ಯೂಟರಿನಲ್ಲಿ ನನಗೆ ವಾರಕ್ಕೊಂದು ಸರದಿ ಸಿಕ್ಕಿತ್ತು. ಕಂಪ್ಯೂಟರಿಗೆ ಉಣಿಸಲು ಲೆಕ್ಕವನ್ನೆಲ್ಲ ತೂತುಗಳಾಗಿ ಹೊಡೆದ ಕಾರ್ಡುಗಳ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ರೈಲು ಹತ್ತುತ್ತಿದ್ದೆ.

ಮೇಲಿಂದ ಹೊರಟ ಮಣ್ಣೆಷ್ಟೋ ಕೆಳಗೆ ಬರುವುದೂ ಅಷ್ಟೇ, ಹಾಗೇ ಲೆಕ್ಕ ಹಾಕು ಎನ್ನುತ್ತಿದ್ದರು ನನ್ನ ಗೈಡು. ನನಗೆ ಒಪ್ಪಿಗೆಯಾಗಲಿಲ್ಲ. ಜಾರುವ ಮಣ್ಣು ದಾರಿಯ ಮಣ್ಣನ್ನೂ ಬಾಚಿಕೊಂಡು ದಪ್ಪವಾಗುತ್ತದೆ. ಸಡಿಲವಾದ ಒಣ ಮಣ್ಣನ್ನೇ ಹೆಚ್ಚು ಬಾಚುತ್ತದೆ ಎಂದು ಕಾರ್ಡಿನಲ್ಲಿ ಹೊಡೆದಿದ್ದೆ. ಅಪ್ಪನಿಗೆ ಹೇಳಿದರೆ ನಕ್ಕುಬಿಟ್ಟರು. ಅವರು ಮಳವಳ್ಳಿ ಕಡೆಯ ನಾಲೆಯೊಂದರ ನೀರುಗಂಟಿ. ತೂಬು ಎತ್ತಿ ಇಳಿಸಿ ಗದ್ದೆಗಳಿಗೆ ನೀರು ಹಂಚುವುದೇ ಅವರ ಕೆಲಸ.

"ಒಣ ಮಣ್ಣು ಅಂಗೇ ಕುಂತಿರ್ತದೆ ಕಣವ್ವ. ನೆಂದಿರೋದು ಬಂದಿದ್ದರ್ ಜೊತೆ ಎದ್ದು ಓಯ್ತದೆ. ನಾಲೆ ಏರಿ ವಡ್ದಾಗ ನೀ ನೋಡಿಲ್ವಾ?"

ಹಿತ್ತಲಲ್ಲಿ ಹಳೇ ಹಲಗೆಯೊಂದನ್ನು ಓರೆಯಾಗಿ ನಿಲ್ಲಿಸಿದೆವು. ಅದರ ಮೇಲೆ ಒಂದು ಸಲ ಒಣ ಮಣ್ಣು, ಒಂದು ಸಲ ನೆನೆದ ಮಣ್ಣು ಹರಡಿ, ತುದಿಯಿಂದ ಒಂದು ಮಂಕರಿ ಕೆಸರು ಸುರಿದು, ಕೆಳಗೆ ಬಿದ್ದದ್ದನ್ನು ತಕ್ಕಡಿಗೆ ಹಾಕಿದೆವು. ಒಣ ಮಣ್ಣು ಹೆಚ್ಚೂಕಡಿಮೆ ಇದ್ದಲ್ಲೇ ಇತ್ತು. ನೆನೆದದ್ದು ಹಲಗೆ ಬಿಟ್ಟು ಪೂರ್ತಿ ಕೆಳಗಿಳಿದಿತ್ತು. ಓದಿದವಳೆಂಬ ನನ್ನ ಜಂಬವೂ ಇಳಿಯಿತು. ಹೊಸದಾಗಿ ಕಾರ್ಡು ಹೊಡೆಸಿದೆ.

"ಇದಕ್ಕೆ ಆಧಾರ ಯಾವ ಪುಸ್ತಕ?" ಎಂದರು ಗೈಡು.

"ನಮ್ಮಪ್ಪ ಹೇಳಿದ್ದು ಸಾರ್. ತೂಗಿಯೂ ನೋಡಿದ್ದೀವಿ."

"ನೀರುಗಂಟಿ ಮಾತೆಲ್ಲ ಥೀಸಿಸ್ ಆಗುತ್ತೇನಮ್ಮ? ತೆಗೆದುಹಾಕು, ಇವತ್ತೇ ಸಹಿ ಮಾಡ್ತೀನಿ."

ಆ ಸಹಿ ಇಲ್ಲದೆ ಪದವಿ ಇಲ್ಲ. ಮೈಯೆಲ್ಲ ಉರಿಯಿತು. ಆದರೆ ಅದಕ್ಕಿಂತ ಹೆಚ್ಚು ನೋಯಿಸಿದ್ದು, ಮನೆಗೆ ಬಂದು ಹೇಳಿದಾಗ ಅಪ್ಪ ಆಡಿದ ಮಾತು: "ನನ್ ಸುದ್ದಿ ತೆಗ್ದಾಕ್ಬುಡವ್ವ. ನಿನ್ ಓದು ಕೆಡೋದು ಬ್ಯಾಡ."

ತೆಗೆಯಲಿಲ್ಲ. ಆಧಾರಗಳ ಪಟ್ಟಿಯಲ್ಲಿ ಎಲ್ಲ ದೊಡ್ಡ ಪುಸ್ತಕಗಳಿಗಿಂತ ಮೇಲೆ ಟೈಪು ಮಾಡಿಸಿದೆ: ನನ್ನ ತಂದೆ, ನೀರುಗಂಟಿ.

ಆ ವರ್ಷ ಸಹಿ ಬೀಳಲಿಲ್ಲ. ಮರುವರ್ಷವೂ ಇಲ್ಲ. ಜೊತೆಯವರು ಕೆಲಸಕ್ಕೆ ಸೇರಿ ಮದುವೆಯನ್ನೂ ಆದರು. ನಾನು ಅದೇ ಡಬ್ಬಿ ಹಿಡಿದು ಅದೇ ರೈಲು ಹತ್ತಿದೆ. ಮೂರನೆಯ ವರ್ಷ ಗೈಡಿಗೇ ಬೇಸರ ಬಂದಿರಬೇಕು. ಆಧಾರಗಳ ಪುಟವನ್ನು ತಿರುಗಿಸದೆ ಸಹಿ ಹಾಕಿಬಿಟ್ಟರು.

ಮಸಿ ಆರುವ ಮೊದಲೇ ಆ ಪುಟವನ್ನು ನಾನೇ ತಿರುಗಿಸಿ ಅವರ ಮುಂದಿಟ್ಟೆ.