ಜಗ್ಗಿದರೆ ಬರುವ ಬಾಗಿಲು

ಜೇವರ್ಗಿಯಲ್ಲಿ ನಮ್ಮ ಹೊಸ ಮನೆಯ ತಳಪಾಯ ಮುಗಿದದ್ದೇ ಮೇಸ್ತ್ರಿ ಚೌಕಟ್ಟುಗಳಿಗಾಗಿ ಅವಸರ ಮಾಡತೊಡಗಿದ. ನನ್ನ ಗಂಡನಿಗೆ ಕಿಟಕಿ ಬಾಗಿಲೆಲ್ಲ ಸಾಗವಾನಿಯದೇ ಆಗಬೇಕಿತ್ತು. ತಮ್ಮೂರು ಸರಸಂಬಾದ ಮನೆಯಲ್ಲಿ ಬೇವಿನ ಚೌಕಟ್ಟುಗಳನ್ನು ಗೆದ್ದಲು ಒಳಗಿನಿಂದಲೇ ತಿಂದು ಹಾಕಿದ್ದನ್ನು ಅವರು ಕಂಡಿದ್ದರು.

"ಬಚ್ಚಲಕ್ಕ ಮಾತ್ರ ಕಟ್ಟಿಗಿ ಬ್ಯಾಡ್ರಿ" ಎಂದೆ.

ಯಾಕೆ ಎಂದು ಅವರು ಕೇಳಲಿಲ್ಲ. ಅಪ್ಪ ಅಲ್ಲೇ ಕೂತಿದ್ದ.

ಅಪ್ಪ ಬಸ್ ಡ್ರೈವರ್ ಆಗಿ ನಿವೃತ್ತನಾದವನು. ಅವ್ವ ತೀರಿಕೊಂಡ ಮೇಲೆ ನಮ್ಮ ಜೊತೆಗೇ ಇದ್ದ. ಅವಳು ಹೋದದ್ದು ಆಳಂದದ ಬಾಡಿಗೆ ಮನೆಯಲ್ಲಿ, ಜಡಿಮಳೆಯ ಒಂದು ಬೆಳಿಗ್ಗೆ. ಎರೆಮಣ್ಣು ಮಳೆಗೆ ಉಬ್ಬಿ ಆ ಮನೆಯ ಗೋಡೆ ವಾಲಿತ್ತು. ಬಚ್ಚಲ ಬಾಗಿಲು ನೀರು ಕುಡಿದು ದಪ್ಪಗಾಗಿ ಚೌಕಟ್ಟಿನಲ್ಲಿ ಬಿಗಿಯುತ್ತಿತ್ತು. ಹೆಗಲು ಕೊಟ್ಟು ನೂಕಿ, ಕಾಲು ಕೊಟ್ಟು ಎಳೆದು, ಅವರಿಬ್ಬರೂ ಅದಕ್ಕೆ ಹೊಂದಿಕೊಂಡಿದ್ದರು. ಅಂದು ಸ್ನಾನಕ್ಕೆ ಹೋದ ಅವ್ವ ಒಳಗೇ ಕುಸಿದು ಬಿದ್ದಳು. ನಾನು ಇಲ್ಲಿ ಜೇವರ್ಗಿಯಲ್ಲಿದ್ದೆ. ನನಗೆ ಗೊತ್ತಿರುವುದು ಅಪ್ಪ ಹೇಳಿದಷ್ಟೇ. "ಬಾಗ್ಲ ತೆಗೀರಿ" ಎಂದು ಅವಳು ಒಳಗಿನಿಂದ ನರಳುತ್ತಿದ್ದಳಂತೆ. ಅಪ್ಪ ನೂಕಿದ, ಒದ್ದ, ಓಣಿಯವರನ್ನು ಕೂಗಿದ. ಪಕ್ಕದ ಮನೆಯವರು ಹಾರೆ ತಂದು ಬಾಗಿಲು ಮೀಟುವಷ್ಟರಲ್ಲಿ ಅವಳ ದನಿ ನಿಂತಿತ್ತು.

ಹೃದಯ ನಿಂತಿದೆ, ಬೇಗ ತಂದಿದ್ದರೂ ಉಳಿಯುತ್ತಿದ್ದರೋ ಇಲ್ಲವೋ ಎಂದರು ಡಾಕ್ಟರು. ಆ ಮಾತು ಅಪ್ಪನ ಕಿವಿಗೆ ಬಿತ್ತೇ ಹೊರತು ಒಳಗೆ ಇಳಿಯಲಿಲ್ಲ.

ಹೆದ್ದಾರಿಯ ಬದಿಯ ಬಾಗಿಲು ಕಿಟಕಿಗಳ ಅಂಗಡಿಗೆ ನಾವು ಮೂವರೂ ಹೋದೆವು. ಅಂಗಡಿಯ ಚಾಚಾ ಸಾಗವಾನಿ, ಅಲ್ಯುಮಿನಿಯಂ, ಬಿಳಿ ಪ್ಲಾಸ್ಟಿಕ್ಕು ಎಲ್ಲವನ್ನೂ ತೋರಿಸಿ, ಕೊನೆಗೆ ಉಕ್ಕಿನದೊಂದು ಬಾಗಿಲನ್ನು ಬೆರಳ ಗೆಣ್ಣಿನಿಂದ ಬಡಿದರು.

"ಭಾಳ ಮಜಬೂತ್ ಅದ್ರಿ. ಯಾರು ಹೊಡದ್ರೂ ಒಡ್ಯಾಂಗಿಲ್ಲ."

"ಒಡೀಬೇಕಂದ್ರ?" ಎಂದ ಅಪ್ಪ.

"ಏನಂದ್ರಿ?"

"ಒಳಗ ಮನಷ್ಯಾರು ಬಿದ್ದಾರ ಅಂತ ತಿಳೀರಿ. ಹೊರಗಿಂದ ಒಡೀಬೇಕು. ಎಷ್ಟೊತ್ತು ಹಿಡೀತದ?"

ಚಾಚಾ ನಗಲು ಹೋದವರು ನನ್ನ ಮುಖ ನೋಡಿ ಆ ಬಾಗಿಲನ್ನು ಪಕ್ಕಕ್ಕೆ ಸರಿಸಿದರು. ಅಪ್ಪ ಉತ್ತರಕ್ಕೆ ಕಾಯಲಿಲ್ಲ. ಹೊರಗೆ ಹೋಗಿ, ವಿಜಯಪುರದ ಕಡೆಗೆ ಹೋಗುವ ಲಾರಿಗಳತ್ತ ಮುಖ ಮಾಡಿ ನಿಂತ.

ನನ್ನ ಗಂಡ ಸಾಗವಾನಿಯ ಮೇಲಿಂದ ಕೈ ತೆಗೆದರು. "ಇದು ಮುಂಬಾಗ್ಲಕ್ಕಷ್ಟ ಇರ್ಲಿ. ಬಚ್ಚಲಕ್ಕ ಕಲ್ಲಿನ ಚೌಕಟ್ಟು ಕೊಡ್ರಿ, ಹಗೂರ ಬಾಗ್ಲ, ಹೊರಗ ತೆರ್ಯಾದು. ಚಿಲಕ ಸಣ್ಣದು ಸಾಕು."

ಕಿಟಕಿಗಳಿಗೆ ಅಲ್ಯುಮಿನಿಯಂ ಆಯಿತು. ಆದರೆ ಅವುಗಳ ಕಬ್ಬಿಣದ ಸರಳುಗಳನ್ನು ಕಂಡು ಅಪ್ಪ ಮೇಸ್ತ್ರಿಯೊಡನೆ ಜಗಳಕ್ಕೇ ನಿಂತ. "ಬಸ್ಸಿಗಿ ಸೈತ ಇನ್ನೊಂದು ಬಾಗ್ಲ ಇರ್ತದ. ಇದರಾಗ ಮಂದಿ ಎಲ್ಲಿಂದ ಹೊರಗ ಬರಬೇಕು?" ಎಂದ. ಪ್ರತಿ ಕೋಣೆಯಲ್ಲೂ ಒಂದು ಕಿಟಕಿಯ ಸರಳಿನ ಜಾಲರಿ ತೆರೆಯುವಂತೆ ಮಾಡಿಸಿದೆವು.

ಮಳೆಗಾಲಕ್ಕೆ ಮೊದಲೇ ಹೊಸ ಮನೆಗೆ ಒಕ್ಕಲು ಬಂದೆವು. ಇನ್ನಾದರೂ ಅಪ್ಪನಿಗೆ ನೆಮ್ಮದಿಯಾದೀತು ಎಂದುಕೊಂಡಿದ್ದೆ. ಅವನು ತನ್ನ ಕೋಣೆಯ ಬಾಗಿಲನ್ನು ಒಮ್ಮೆಯೂ ಮುಚ್ಚಲಿಲ್ಲ. ನಾನು ಸ್ನಾನಕ್ಕೆ ಹೋದರೆ ಹೊರಗೆ ಕುರ್ಚಿ ಹಾಕಿಕೊಂಡು ಕೂತು, ನಡುನಡುವೆ ಕೂಗುತ್ತಿದ್ದ. ಚಿಕ್ಕಂದಿನಿಂದಲೂ ಅವನು ನನ್ನನ್ನು ಕರೆಯುವುದು ಅವ್ವಾ ಎಂದೇ.

"ಅವ್ವಾ, ಅದೀ?"

"ಅದೀನಪ್ಪಾ" ಎನ್ನುತ್ತಿದ್ದೆ.

ಒಂದು ದಿನ ತಲೆಗೆ ನೀರು ಹಾಕಿಕೊಳ್ಳುತ್ತಿದ್ದಾಗ ಅವನ ಕೂಗು ಕೇಳಿಸಲಿಲ್ಲ. ಒಮ್ಮೆಲೇ ಬಾಗಿಲು ಅಲ್ಲಾಡಿತು. ಹೆದರಿ ಸೀರೆ ಎಳೆದು ಮೈಗೆ ಸುತ್ತಿಕೊಳ್ಳುವಷ್ಟರಲ್ಲಿ ಚಿಲಕ ಕಿತ್ತು ಬಂದು ಬಾಗಿಲು ಹಾರು ಹೊಡೆಯಿತು. ಅಪ್ಪ ಒಂದೇ ಸಲ ಜಗ್ಗಿದ್ದ.

"ನಾ ಚಂದ ಅದೀನಪ್ಪಾ, ಕೇಳಿಸ್ಲಿಲ್ಲ ಅಷ್ಟ" ಎಂದೆ.

ಅವನು ನನ್ನನ್ನು ನೋಡುತ್ತಿರಲಿಲ್ಲ. ಬಾಗಿಲನ್ನು ನೋಡುತ್ತಿದ್ದ. ಕಿತ್ತುಬಂದ ಚಿಲಕದ ಜಾಗವನ್ನು ಹೆಬ್ಬೆರಳಿನಿಂದ ಸವರಿದ.

"ಇಷ್ಟ ಏನು?" ಎಂದ. "ಇಷ್ಟ ಇತ್ತೇನು?"

ಹಾಗೇ ಗೋಡೆಗೆ ಒರಗಿ ನೆಲಕ್ಕೆ ಕೂತುಬಿಟ್ಟ. ಅವ್ವನನ್ನು ಮಣ್ಣು ಮಾಡಿದ ದಿನವೂ ಅಳದಿದ್ದವನು ಅವತ್ತು ಬಾಯಿಗೆ ಟವೆಲ್ ತುರುಕಿಕೊಂಡು ಅತ್ತ. ನಾನು ಒದ್ದೆ ಸೀರೆಯಲ್ಲೇ ಅವನ ಪಕ್ಕ ಕೂತೆ.

ಸಂಜೆ ನನ್ನ ಗಂಡ ಹೊಸ ಚಿಲಕ ತಂದರು. ಅಪ್ಪ ಬೇಡವೆಂದ. ಬಾಗಿಲನ್ನೂ ತೆಗೆಸಿ ಪರದೆ ಹಾಕಿದ್ದೇವೆ.