ಸಮುದ್ರ ಒಯ್ದ ಕರಡಿಗೆ

ಆ ಕಾಲಕ್ಕೆ ನಮ್ಮ ಜಹೀರಾಬಾದಿನಲ್ಲಿ ಸಮುದ್ರ ನೋಡಿದ ಹೆಂಗಸರು ಬೆರಳೆಣಿಕೆಯಷ್ಟು. ನೋಡಿದವರೂ ಮುಂಬಯಿಗೆ ಹೋಗಿ ನೋಡಿ ಬಂದವರು. ನಾನೊಬ್ಬಳು ಮುಂಬಯಿಯಲ್ಲಿ ವಿಮಾನ ಹತ್ತಿದರೂ ಅಲ್ಲಿಯ ಸಮುದ್ರ ಬಿಟ್ಟು ಬ್ರೆಜಿಲ್ ದೇಶದ ಸಮುದ್ರ ನೋಡಿ ಬಂದೆ. ಹೇಗಿತ್ತು ಎಂದು ಕೇಳಿದವರಿಗೆಲ್ಲ ಚೆನ್ನಾಗಿತ್ತು ಎಂದೇ ಹೇಳುತ್ತ ಬಂದಿದ್ದೇನೆ. ಅದು ಶುದ್ಧ ಸುಳ್ಳು. ಈಗಲೂ ಟೀವಿಯಲ್ಲಿ ದೊಡ್ಡ ತೆರೆ ಕಂಡರೆ ಕೈ ತಾನಾಗಿ ಕೊರಳಿಗೆ ಹೋಗುತ್ತದೆ. ಎದ್ದು ಅಡುಗೆಮನೆಗೆ ಹೋಗಿಬಿಡುತ್ತೇನೆ.

ಎಂಬತ್ತರ ದಶಕದ ಮಾತು. ನನ್ನ ಗಂಡ ಊರ ಹೊರಗಿನ ಕಾರ್ಖಾನೆಯೊಂದರಲ್ಲಿ ಎಂಜಿನಿಯರು. ಕಬ್ಬು ಕಡಿಯುವ ಯಂತ್ರದ ಕೆಲಸ ಕಲಿತು ಬನ್ನಿ ಎಂದು ಅವರನ್ನು ಬ್ರೆಜಿಲಿಗೆ ಕಳಿಸುವುದೆಂದಾಯಿತು. ಅವರಿಗೋ ಸಕ್ಕರೆ ಕಾಯಿಲೆ. ಬೆಳಗ್ಗೆ ಗುಳಿಗೆ ನುಂಗಿದ ಮೇಲೆ ಹೊತ್ತಿಗೆ ಸರಿಯಾಗಿ ಹೊಟ್ಟೆಗೆ ಬೀಳಲೇಬೇಕು. ಬೀಳದಿದ್ದರೆ ಮೊದಲು ಬೆವರು, ಆಮೇಲೆ ಕೈ ನಡುಕ, ಆಮೇಲೆ ಮಾತು ತೊದಲುವುದು, ಕೊನೆಗೆ ಮನುಷ್ಯನೇ ಬೀಳುವುದು. ಒಮ್ಮೆ ನಾರಾಯಣಖೇಡದ ಬಸ್ ಸ್ಟ್ಯಾಂಡಿನಲ್ಲಿ ಹಾಗೆ ಬಿದ್ದಿದ್ದರು. ಯಾರೋ ಪುಣ್ಯಾತ್ಮರು ಬಾಯಿಗೆ ಬೆಲ್ಲ ತುರುಕಿದ್ದಕ್ಕೆ ಉಳಿದರು. ಅಷ್ಟು ದೂರ ಒಬ್ಬರನ್ನೇ ಕಳಿಸಬೇಡಿ ಎಂದು ಡಾಕ್ಟರು ಹೇಳಿದರು, ಮಕ್ಕಳನ್ನು ಅತ್ತೆಯ ಹತ್ತಿರ ಬಿಟ್ಟು ನಾನೂ ಹೊರಟೆ. ಅವರು ಹೋದದ್ದು ಕಬ್ಬಿನ ಕೆಲಸಕ್ಕೆ, ನಾನು ಹೋದದ್ದು ಅವರ ಹೊಟ್ಟೆ ಕಾಯುವುದಕ್ಕೆ.

ನಮ್ಮದು ಲಿಂಗವಂತರ ಮನೆ. ನಮ್ಮ ದೇವರು ಗುಡಿಯಲ್ಲಿರುವವನಲ್ಲ, ಕೊರಳಲ್ಲಿರುವವನು. ಹುಟ್ಟಿದ ಕೂಸಿಗೆ ಮನೆಯ ಗುರುಗಳಾದ ಅಯ್ಯನವರು ಬಂದು ಲಿಂಗ ಕಟ್ಟುತ್ತಾರೆ. ಅದು ಕರಡಿಗೆಯೆಂಬ ಬೆಳ್ಳಿಯ ಪುಟ್ಟ ಡಬ್ಬಿಯಲ್ಲಿ, ದಾರದಲ್ಲಿ, ಸಾಯುವವರೆಗೂ ಮೈಮೇಲಿರಬೇಕು. ಸತ್ತಾಗ ಎಡ ಅಂಗೈಯಲ್ಲಿಟ್ಟು ಮಣ್ಣಿಗೆ ಕಳಿಸುತ್ತಾರೆ. ನನ್ನ ಗಂಡ ಇದರಲ್ಲಿ ಬಹಳ ಕಟ್ಟುನಿಟ್ಟು. ಲಿಂಗಕ್ಕೆ ತೋರಿಸದೆ ಒಂದು ಗುಟುಕು ನೀರೂ ಗಂಟಲಿಗಿಳಿಯುತ್ತಿರಲಿಲ್ಲ. ನನ್ನದು ಅಷ್ಟಕ್ಕಷ್ಟೆ. ಬೆಳಗ್ಗೆ ಸ್ನಾನವಾದ ಮೇಲೆ ಒಮ್ಮೆ ಕಣ್ಣಿಗೊತ್ತಿಕೊಂಡರೆ ಮುಗಿಯಿತು. ನನ್ನ ಕರಡಿಗೆ ತವರುಮನೆ ನಾರಾಯಣಖೇಡದಲ್ಲಿ ಮಾಡಿಸಿದ್ದು, ಹೆಣ್ಣುಮಕ್ಕಳದ್ದೆಂದು ನೋಡಿದರೇ ತಿಳಿಯುವಷ್ಟು ಸಣ್ಣದು. ಕುಪ್ಪಸದೊಳಗೆ ಇದೆಯೆಂಬುದೇ ಎಷ್ಟೋ ಸಲ ಮರೆತುಹೋಗುತ್ತಿತ್ತು.

ಹೊರಡುವ ದಿನ ನಮ್ಮತ್ತೆ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಬೆಲ್ಲ ಎಲ್ಲ ಕಟ್ಟಿಕೊಟ್ಟರು. ಮಾತು ಕಡಿಮೆ ಆಡುವ ಹೆಂಗಸು. ನಾನು ಅವರಿಗೆ ಹೆದರುತ್ತಿದ್ದುದೂ ಆ ಕಾರಣಕ್ಕೇ. ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳಿದರು.

"ಯವ್ವಾ, ಅವನ ಜೀವ ನಿನ್ನ ಕೈಯಾಗ ಅದ. ಉಪಾಸ ಕೆಡವಬ್ಯಾಡ."

ಆ ಮಾತನ್ನು ನಾನು ದೇಶವೆಲ್ಲ ಹೊತ್ತು ತಿರುಗಿದೆ. ಬ್ರೆಜಿಲಿನ ಜನ ಒಳ್ಳೆಯವರು, ಆದರೆ ಊಟ ನೋಡಿದರೆ ಎದೆ ಧಸಕ್ಕೆನ್ನುತ್ತಿತ್ತು. ಕಾಳಿನ ಸಾರು ಎಂದು ತಂದಿಟ್ಟರೆ ಒಳಗೆ ಮಾಂಸದ ತುಂಡು. ಅನ್ನ, ಬಾಳೆಹಣ್ಣು, ಹಾಲು, ನಮ್ಮ ರೊಟ್ಟಿ ಇವುಗಳ ಮೇಲೇ ದಿನ ತಳ್ಳಿದೆವು. ಅವರಿಗೆ ಕೆಲಸ ಕಲಿಸಿದ ಮೇಸ್ತ್ರಿ ನಡುವಯಸ್ಸಿನವನು, ಹರಕುಮುರುಕು ಇಂಗ್ಲಿಷ್ ಬಲ್ಲವನು. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ಉರ್ದು, ಆಫೀಸಿನಲ್ಲಿ ತೆಲುಗು ಆಡಿಕೊಂಡಿದ್ದ ನನ್ನ ಗಂಡನಿಗೆ ಇನ್ನೊಂದು ಭಾಷೆ ಭಾರವಾಗಲಿಲ್ಲ, ಇಬ್ಬರಿಗೂ ದೋಸ್ತಿ ಬೆಳೆಯಿತು. ಕೆಲಸ ಮುಗಿದ ಮೇಲೆ ಸಮುದ್ರ ತೋರಿಸದೆ ನಿಮ್ಮನ್ನು ಕಳಿಸುವುದಿಲ್ಲ ಎಂದು ಹಟ ಹಿಡಿದು, ಮೇಸ್ತ್ರಿ ತನ್ನ ಹೆಂಡತಿಯನ್ನೂ ಕರೆದುಕೊಂಡು ನಮ್ಮನ್ನು ಒಂದು ದ್ವೀಪದ ಊರಿಗೆ ಕಾರಿನಲ್ಲಿ ಕರೆದೊಯ್ದ. ಫ್ಲೊರಿಯನಾಪೊಲಿಸ್ ಎಂದು ಅದರ ಹೆಸರು. ನನ್ನ ಬಾಯಲ್ಲಿ ಅದು ಹೊರಳಲಿಲ್ಲ. ನಾನು ದ್ವೀಪ ಎಂದಷ್ಟೇ ಕರೆದೆ.

ನೋಡುವುದಕ್ಕೆ ಬೇಕಾದಷ್ಟಿತ್ತು. ದ್ವೀಪಕ್ಕೆ ಹಾಕಿದ ಕಬ್ಬಿಣದ ತೂಗುಸೇತುವೆ ಹಳತಾಗಿದೆಯೆಂದು ಮುಚ್ಚಿಬಿಟ್ಟಿದ್ದರು. ನಾವು ಪಕ್ಕದ ಹೊಸ ಸೇತುವೆಯಲ್ಲಿ ದಾಟುವಾಗಲೂ ಇದು ಬಿದ್ದರೆ ಎಂದು ನಾನು ಕಣ್ಣು ಮುಚ್ಚಿಯೇ ಕುಳಿತೆ. ಊರ ನಡುವಿನ ಚೌಕದಲ್ಲಿ ನಮ್ಮ ಆಲದ ಜಾತಿಯ ಒಂದು ಮುದಿ ಮರ. ಕೊಂಬೆಗಳು ಮುರಿಯದಿರಲೆಂದು ಕೆಳಗೆ ಕಂಬ ಕೊಟ್ಟಿದ್ದರು. ಜನ ಅದನ್ನು ಸುತ್ತು ಹಾಕುತ್ತಿದ್ದರು, ಒಳ್ಳೆಯದಾಗುತ್ತದಂತೆ. ಅಷ್ಟು ದೂರ ಬಂದು ಮರ ಸುತ್ತುವ ಜನ ಕಂಡು ನನಗೆ ತುಸು ಸಮಾಧಾನವಾಯಿತು. ನಾನೂ ಸುತ್ತಿದೆ, ಗಂಡ ಸುಖವಾಗಿ ಊರು ಮುಟ್ಟಲಿ ಎಂದು ಬೇಡಿಕೊಂಡೆ. ಕೆರೆಯಂಥ ದೊಡ್ಡ ಸರೋವರದ ದಂಡೆಯಲ್ಲಿ ಮುದುಕಿಯರು ಮರದ ಸಣ್ಣ ಕಡ್ಡಿಗಳಿಗೆ ನೂಲು ಸುತ್ತಿ, ಟಕಟಕ ಎಂದು ಕೈಯಾಡಿಸಿ ಲೇಸು ಹೆಣೆಯುತ್ತಿದ್ದರು. ಅದನ್ನು ನಿಂತು ನೋಡುವ ಆಸೆ ಬಹಳವಿತ್ತು. ಆದರೆ ನನ್ನ ಒಂದು ಕಣ್ಣು ಯಾವಾಗಲೂ ಗಂಡನ ಹಣೆಯ ಮೇಲೆ. ಬೆವರಿದರೆ ಬಿಸಿಲಿನದೋ ಕಾಯಿಲೆಯದೋ ತಿಳಿಯದೆ ಒದ್ದಾಡುತ್ತಿದ್ದೆ. ನೀ ಊರು ನೋಡು, ನನ್ನ ಮುಖ ಮನೆಯಲ್ಲೂ ಇರುತ್ತದೆ ಎಂದು ಅವರು ನಗುತ್ತಿದ್ದರು.

ಮರುದಿನ ಬೆಳಗ್ಗೆ ಸಮುದ್ರದ ದಂಡೆಗೆ ಹೋದೆವು. ಅವರು ಪೂಜೆ ಮುಗಿಸಿ ಗುಳಿಗೆ ನುಂಗಿದ್ದರು. ಊಟ ದಂಡೆಯ ಮೇಲೇ ಎಂದು ಮಾತಾಗಿತ್ತು, ರೊಟ್ಟಿ ನನ್ನ ಚೀಲದಲ್ಲಿತ್ತು. ಅಲ್ಲಿಯ ಹೆಂಗಸರು ಉಟ್ಟದ್ದರ ಬಗ್ಗೆ ಹೇಳುವಂಥದ್ದೇನಿಲ್ಲ, ಯಾಕೆಂದರೆ ಉಟ್ಟದ್ದೇ ಹೇಳುವಷ್ಟಿರಲಿಲ್ಲ. ಅವರ ನಡುವೆ ಇಳಕಲ್ ಸೀರೆ ಉಟ್ಟು ತಲೆ ತುಂಬ ಸೆರಗು ಹೊದ್ದು ಕುಳಿತ ನನ್ನನ್ನೇ ಎಲ್ಲರೂ ನೋಡುತ್ತಿದ್ದರು. ಸಮುದ್ರವನ್ನು ನಾನು ಅಂದುಕೊಂಡದ್ದು ದೊಡ್ಡ ಕೆರೆ ಎಂದು. ಅದು ಕೆರೆಯಲ್ಲ. ಕೆರೆ ಇದ್ದಲ್ಲೇ ಇರುತ್ತದೆ, ಇದು ಮೈಮೇಲೆ ಬರುತ್ತದೆ.

ನನ್ನ ಗಂಡ ಪಾಯಿಜಾಮ ಮಡಚಿ, ಬನಿಯನ್ನಿನಲ್ಲಿ ನೀರಿಗೆ ಹೊರಟರು. ಕೊರಳಲ್ಲಿರುವುದನ್ನು ತೆಗೆದು ಚೀಲದಲ್ಲಿಡಿ, ನೀರು ಎಳೆದುಕೊಂಡು ಹೋಗುತ್ತದೆ ಎಂದು ಮೇಸ್ತ್ರಿಯ ಹೆಂಡತಿ ಕೈಸನ್ನೆ ಮಾಡಿದಳು. ತನ್ನ ಶಿಲುಬೆಯ ಸರ ತೆಗೆದಿಟ್ಟದ್ದನ್ನೂ ತೋರಿಸಿದಳು. ಅವರು ನಕ್ಕು ತಲೆ ಅಲ್ಲಾಡಿಸಿದರು. ತೆಗೆಯುವ ಮಾತೇ ಇಲ್ಲ. ತೆಗೆಯುವಂಥದ್ದಾಗಿದ್ದರೆ ಅದು ಉಳಿಯುತ್ತಿತ್ತು.

ಮೊಣಕಾಲು ನೀರಿನಲ್ಲಿ ನಿಂತಿದ್ದರು. ನಾನು ಸಾಕು ಬರ್ರಿ ಎಂದು ಕೂಗುವಷ್ಟರಲ್ಲಿ ಒಂದು ತೆರೆ ಅವರನ್ನು ಎತ್ತಿ ಒಗೆಯಿತು. ಮನುಷ್ಯನೇ ಕಾಣಲಿಲ್ಲ. ಮೇಸ್ತ್ರಿ ಓಡಿಹೋಗಿ ತೋಳು ಹಿಡಿದು ಎಳೆದು ತಂದ. ಕೆಮ್ಮುತ್ತ ಎದ್ದು ನಿಂತ ಅವರ ಕೈ ಎದೆಯ ಮೇಲೆ ಹೋಯಿತು, ಅಲ್ಲಿ ತಡಕಿತು, ಬೆನ್ನಿಗೆ ಹೋಯಿತು, ಮತ್ತೆ ಎದೆಗೆ ಬಂತು. ಮುಖ ಸುಣ್ಣ ಬಳಿದಂತಾಯಿತು. ಆಗ ನನಗೆ ತಿಳಿಯಿತು.

ಹುಡುಕಿದೆವು. ಮೇಸ್ತ್ರಿ ಏನು ಹೇಳಿದನೋ, ದಂಡೆಯ ಮೇಲಿದ್ದ ಗುರುತಿಲ್ಲದ ಗಂಡಸರು ಹೆಂಗಸರು ಎಲ್ಲ ನೀರಿಗಿಳಿದು ಕಾಲಿನಿಂದ ಮರಳು ಕೆದಕಿದರು. ಬೆಸ್ತರು ಬಲೆ ಬೀಸಿ ಎಳೆದರು. ಬಲೆಯಲ್ಲಿ ವಿಲಿವಿಲಿ ಒದ್ದಾಡುವ ಮೀನು ಬಂದವು, ಕರಡಿಗೆ ಬರಲಿಲ್ಲ. ಜನ್ಮದಲ್ಲಿ ಮೀನು ಮುಟ್ಟದ ನನ್ನ ಗಂಡ ಆ ಮೀನಿನ ರಾಶಿಯಲ್ಲಿ ಎರಡೂ ಕೈ ಹಾಕಿ ಹುಡುಕಿದ್ದನ್ನು ಕಂಡು ನನಗೆ ಅಳು ಬಂತು. ಕೊನೆಗೆ ಒಬ್ಬೊಬ್ಬರೇ ಕೈಚೆಲ್ಲಿ ಹೋದರು.

ಅವರು ಒದ್ದೆ ಬಟ್ಟೆಯಲ್ಲೇ ಮರಳ ಮೇಲೆ ಕುಳಿತರು. ಊಟದ ಹೊತ್ತು ಮೀರುತ್ತಿತ್ತು. ನಾನು ರೊಟ್ಟಿ ಬಿಚ್ಚಿದೆ, ಬೇಡ ಎಂದರು. ಬೆಲ್ಲ ಕೊಟ್ಟೆ, ಬೇಡ. ಅಲ್ಲೇ ಗಾಣ ಇಟ್ಟುಕೊಂಡವನೊಬ್ಬ ಕಬ್ಬಿನ ಹಾಲು ಮಾರುತ್ತಿದ್ದ. ಮೇಸ್ತ್ರಿ ಓಡಿಹೋಗಿ ಒಂದು ಗ್ಲಾಸು ತಂದ. ನಮ್ಮೂರಿನ ಕಬ್ಬಿನ ವಾಸನೆಯೇ ಅದರಲ್ಲಿತ್ತು. ಅದಕ್ಕೂ ಮುಖ ತಿರುಗಿಸಿದರು.

"ಲಿಂಗ ಇಲ್ಲ. ಯಾರಿಗಿ ತೋರಿಸಿ ಕುಡೀಲಿ?" ಎಂದರು. "ಊರಿಗಿ ಹೋಗಿ ಅಯ್ನೋರು ಕಟ್ಟಿದ ಮ್ಯಾಲೇ ನೀರು."

ಊರು ಸಮುದ್ರಗಳ ಆಚೆ ಇತ್ತು. ಹಣೆಯ ಮೇಲೆ ಬೆವರು ಆಗಲೇ ಮೂಡಿತ್ತು, ಈ ಸಲ ಅದು ಯಾವ ಬೆವರೆಂದು ನನಗೆ ಅನುಮಾನವಿರಲಿಲ್ಲ. ಕೈಬೆರಳು ನಡುಗತೊಡಗಿದವು. ನಾನು ಬೈದೆ, ಕಾಲು ಹಿಡಿದೆ, ಮಕ್ಕಳ ಹೆಸರು ಹೇಳಿದೆ. ಅವರು ಸಮುದ್ರವನ್ನೇ ನೋಡುತ್ತಿದ್ದರು.

"ಬಿದ್ದರೂ ಬಾಯಾಗ ಏನೂ ಹಾಕಬ್ಯಾಡ. ನನ್ನ ಆಣಿ ಅದ." ಕೊನೆಯ ಮಾತು ತೊದಲಿತು.

ಮೇಸ್ತ್ರಿ ಆಸ್ಪತ್ರೆ ಎನ್ನುತ್ತ ಕಾರಿನ ಕಡೆ ಓಡಿದ. ಕಾರು ಎಲ್ಲೋ ಮರಳುದಿಬ್ಬದ ಆಚೆ ನಿಂತಿತ್ತು. ನನಗೆ ಅತ್ತೆ ಬಾಗಿಲಲ್ಲಿ ನಿಂತದ್ದು ಕಣ್ಣಿಗೆ ಕಟ್ಟಿತು. ಸಿಟ್ಟು ಬಂತು, ಸಮುದ್ರದ ಮೇಲೆ, ಅವರ ಮೇಲೆ, ಈ ನೇಮದ ಮೇಲೆ. ಭಯ ಅದಕ್ಕಿಂತ ದೊಡ್ಡದಿತ್ತು. ನಾನು ಜನರ ಕಡೆ ಬೆನ್ನು ಮಾಡಿ, ಸೆರಗಿನ ಒಳಗೆ ಕೈ ಹಾಕಿ, ದಾರ ಸಮೇತ ನನ್ನ ಕರಡಿಗೆಯನ್ನು ತಲೆಯ ಮೇಲಿಂದ ತೆಗೆದೆ. ಹುಟ್ಟಿದಾಗಿನಿಂದ ಒಂದು ಗಳಿಗೆಯೂ ಬಿಟ್ಟಿರದ ಮೈ ಜುಂ ಎಂದಿತು.

"ಎಡಗೈ ಚಾಚ್ರಿ," ಎಂದೆ.

"ಇದು ನಿಂದು."

"ಈಗ ನಿಮ್ದು. ತಗೋರಿ."

"ನಿನ್ನ ಕೊರಳು ಖಾಲಿ ಆಗ್ತದ."

"ಆಗ್ಲಿ. ಪಾಪ ಅಂಬೋದು ಇದ್ದರ ನನಗಿರಲಿ. ಲಿಂಗ ಹೋಯ್ತು ಅಂತ ನಿಮ್ಮ ಅವ್ವಗ ನಾ ಹೇಳ್ತೀನಿ. ಮಗ ಹೋದ ಅಂತ ಹೇಳಾಕ ನನ್ನಿಂದ ಆಗಲ್ಲ."

ಅವರು ನನ್ನ ಮುಖ ನೋಡಿದರು. ಅಂಗೈ ತಾನಾಗಿ ಬಿಚ್ಚಿತೋ, ನಾನು ಬೆರಳು ಬಿಡಿಸಿದೆನೋ ನೆನಪಿಲ್ಲ. ಕರಡಿಗೆ ತೆರೆದು ಲಿಂಗವನ್ನು ಅವರ ಅಂಗೈಯಲ್ಲಿಟ್ಟೆ. ಕೈ ನಡುಗುತ್ತಿದ್ದುದರಿಂದ ಕೆಳಗಿಂದ ನನ್ನ ಕೈಯನ್ನು ಆನಿಸಿ ಹಿಡಿದೆ. ಆಮೇಲೆ ಬಲಗೈಯಿಂದ ಗ್ಲಾಸು ಎತ್ತಿ ಲಿಂಗಕ್ಕೆ ತೋರಿಸಿ, ಕಣ್ಣು ಮುಚ್ಚಿ, ಕುಡಿದರು. ಅರ್ಧ ಗದ್ದದ ಮೇಲೆ ಚೆಲ್ಲಿತು. ಮೇಸ್ತ್ರಿಯ ಹೆಂಡತಿ ತಂದ ಇನ್ನೊಂದು ಗ್ಲಾಸು ಕುಡಿಸಿದೆ. ಕಾರು ತಂದ ಮೇಸ್ತ್ರಿ ಬರುವಷ್ಟರಲ್ಲಿ ನಡುಕ ನಿಲ್ಲುತ್ತ ಬಂದಿತ್ತು, ಅವರು ರೊಟ್ಟಿ ಮುರಿಯುತ್ತಿದ್ದರು.

ಅಲ್ಲಿಂದ ಊರು ಮುಟ್ಟುವವರೆಗಿನ ಕಥೆ ನನ್ನೊಬ್ಬಳ ಹೊಟ್ಟೆಯ ಸಂಕಟದ ಕಥೆ. ಖಾಲಿ ಕೊರಳಲ್ಲಿ ಉಂಡೆ, ಖಾಲಿ ಕೊರಳಲ್ಲಿ ಮಲಗಿದೆ. ಲಿಂಗ ಇದ್ದಾಗ ಮರೆತಿರುತ್ತಿದ್ದವಳಿಗೆ, ಇಲ್ಲದಾಗ ಒಂದು ಗಳಿಗೆಯೂ ಮರೆಯಲಾಗಲಿಲ್ಲ. ವಿಮಾನ ಅಲ್ಲಾಡಿದರೆ ನನ್ನಿಂದಲೇ ಎನಿಸಿತು. ಮಕ್ಕಳಿಗೇನಾದರೂ ಆಗಿದ್ದರೆ ಅದೂ ನನ್ನಿಂದಲೇ. ಎಲ್ಲಕ್ಕಿಂತ ಹೆಚ್ಚು, ಅತ್ತೆಗೆ ಹೇಗೆ ಹೇಳಲಿ. ಗಂಡನ ಕೊರಳಲ್ಲಿ ಹೆಂಡತಿಯ ಲಿಂಗ ನೋಡಿ ಆ ಹೆಂಗಸು ನನ್ನನ್ನು ಹೊಸ್ತಿಲ ಒಳಗೆ ಬಿಟ್ಟುಕೊಳ್ಳುತ್ತಾರೆಯೇ? ನಾನು ಹೇಳ್ತೀನಿ ಬಿಡು ಎಂದು ಅವರು ಎಷ್ಟು ಸಲ ಅಂದರೂ ನನಗೆ ಧೈರ್ಯ ಬರಲಿಲ್ಲ.

ಮನೆ ಮುಟ್ಟಿದಾಗ ಹೇಳಿದ್ದು ನಾನೇ. ಹೊಸ್ತಿಲ ಹೊರಗೇ ನಿಂತು, ಒಂದೇ ಉಸಿರಿಗೆ ಎಲ್ಲ ಹೇಳಿದೆ. ಅತ್ತೆ ಮಗನ ಮೈಮುಖವೆಲ್ಲ ಕೈಯಾಡಿಸಿ ನೋಡಿದರು. ಅಯ್ಯನವರಿಗೆ ಹೇಳಿಕಳಿಸಿದರು. ಅವರು ಬಂದು, ಗಂಡನಿಗೆ ಹೊಸದು ಕಟ್ಟುತ್ತೇನೆ, ಹೆಂಡತಿಯದನ್ನು ಹೆಂಡತಿಗೆ ತಿರುಗಿ ಕೊಡಿ, ಅದೇ ಪದ್ಧತಿ ಎಂದರು. ನನ್ನ ಗಂಡ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದು ಕೂತರು. ಇದು ನನ್ನ ಜೀವ ಉಳಿಸಿದ್ದು, ಇದನ್ನು ಬಿಡುವುದಿಲ್ಲ ಎಂದರು. ಅಯ್ಯನವರು ಅತ್ತೆಯ ಮುಖ ನೋಡಿದರು. ನಾನೂ ನೋಡಿದೆ.

"ಅದು ಅವನ ಹತ್ರಾನೇ ಇರಲಿರಿ," ಎಂದರು ಅತ್ತೆ. "ಹೊಸದು ಮೊದಲು ಈಕೀಗಿ ಕಟ್ರಿ. ಅಷ್ಟು ದೂರದಿಂದ ಖಾಲಿ ಕೊರಳಿಲೆ ಬಂದಾಳ."

ಆ ಹೊತ್ತು ನಾನು ಅತ್ತದ್ದನ್ನು ನೋಡಿ ಅಯ್ಯನವರೇ ಗಾಬರಿಯಾದರು.

ಆಮೇಲೆ ವರ್ಷಗಟ್ಟಲೆ ಅದು ನಮ್ಮಿಬ್ಬರ ಜಗಳದ ಮಾತಾಯಿತು. ಅವರು ಹಟ ಮಾಡಿದಾಗಲೆಲ್ಲ ನನ್ನ ಲಿಂಗ ನನಗೆ ಕೊಡ್ರಿ, ತವರಿಗೆ ಹೋಗ್ತೀನಿ ಎನ್ನುತ್ತಿದ್ದೆ. ಬಂದು ಬಿಚ್ಚಿಕೋ ಎಂದು ಅವರು ಎದೆ ತೋರಿಸುತ್ತಿದ್ದರು. ಊಟಕ್ಕೆ ತಡಮಾಡಿದರೆ, ನಿಮ್ಮದಾದರೆ ಉಪವಾಸ ಇರಿ, ನನ್ನದನ್ನು ಯಾಕೆ ಉಪವಾಸ ಕೆಡವುತ್ತೀರಿ ಎಂದು ಬೈಯುತ್ತಿದ್ದೆ. ನಗುತ್ತ ಬಂದು ಕೂರುತ್ತಿದ್ದರು. ಕೊನೆಗೂ ಅದೇ ಸಕ್ಕರೆ ಕಾಯಿಲೆಯೇ ಅವರನ್ನು ಒಯ್ದಿತು, ಆದರೆ ಮುಪ್ಪಿನಲ್ಲಿ, ನಮ್ಮ ಮನೆಯಲ್ಲಿ.

ಅವರನ್ನು ಕೂಡಿಸಿ, ಹಣೆಗೆ ವಿಭೂತಿ ಹಚ್ಚಿ, ಅಯ್ಯನವರು ಕೊರಳಿನ ಕರಡಿಗೆ ತೆಗೆದರು. ಹಳೆಯ ಅಯ್ಯನವರಲ್ಲ, ಅವರ ಮಗ. ಅಂಗೈಯಲ್ಲಿ ಹಿಡಿದು ಹಿಂದೆಮುಂದೆ ನೋಡಿ ಅನುಮಾನ ಪಟ್ಟರು.

"ಇದು ಹೆಣ್ಮಕ್ಕಳ ಕರಡಿಗಿ ಇದ್ದಂಗ ಅದ. ಯಾರದ್ರಿ ಯವ್ವಾ?"

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಗಂಡನ ಎಡಗೈ ಬೆರಳುಗಳನ್ನು ಬಿಡಿಸಿ, ಕೆಳಗೆ ನನ್ನ ಕೈಯನ್ನು ಆನಿಸಿ ಹಿಡಿದೆ.

"ಅವರದೇ ರೀ," ಎಂದೆ.