ಫೋನಕ್ಕ ಬರೆದ ಸಾಲು

ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಫೋನಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷ ಕಿಟಕಿಯಿಲ್ಲದ ಕೋಣೆಯೊಂದರಲ್ಲಿ ಕೂತು, ಯಾವ ಡಾಕ್ಟರು ಯಾವ ದಿನ ಸಿಗುತ್ತಾರೆ ಎಂದು ಊರಿಗೆಲ್ಲ ಹೇಳಿದವಳು. ಹೋದ ವರ್ಷ ಆ ಕೆಲಸಕ್ಕೆ ಎಐ ಬಂತು. ಫೋನು ಎತ್ತುವುದು, ದಿನ ಕೊಡುವುದು, ಬದಲಿಸುವುದು ಎಲ್ಲವೂ ಅದರ ಪಾಲಾಯಿತು.

ಫೋನಕ್ಕನನ್ನು ಮನೆಗೆ ಕಳಿಸಲಿಲ್ಲ. ಎಐ ಕೈಗೆ ಹದಿನಾಲ್ಕು ಟೂಲ್‌ಗಳನ್ನು ಕೊಟ್ಟಿದ್ದರು; ಒಂದೊಂದೂ ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಒಂದೊಂದು ಕೆಲಸ ಮಾಡುವಂಥದ್ದು. ಯಾವುದನ್ನು ಯಾವಾಗ ಬಳಸಬೇಕೆಂದು ಅದಕ್ಕೆ ತಿಳಿಯುವುದು ಟೂಲಿನ ಜೊತೆ ಬರೆದಿಟ್ಟ ವಿವರಣೆಯಿಂದ. ಆ ವಿವರಣೆ ಬರೆಯುವ ಕೆಲಸ ಅವಳಿಗೆ ಬಂತು.

"ಜನ ಹೇಗೆ ಮಾತಾಡ್ತಾರೆ ಅಂತ ನಿಮಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು, ಅಕ್ಕ?" ಎಂದರು ತಲೆ ನರೆಯುತ್ತಿದ್ದ ಇಂಜಿನಿಯರ್.

ಬರೆಯಲು ಕೂತ ಎರಡನೇ ವಾರ ಅವಳ ತಂಗಿ ತೀರಿಕೊಂಡಳು. ಇಬ್ಬರೂ ಮದುವೆಯಾಗದೆ ಒಂದೇ ಮನೆಯಲ್ಲಿ ಇದ್ದವರು. ಜ್ವರ ಎಂದು ಮಲಗಿದವಳು ಆರನೇ ದಿನಕ್ಕೆ ಇಲ್ಲ. ಫೋನಕ್ಕ ಅಳಲಿಲ್ಲ. ರಜೆ ಅರ್ಜಿಯಲ್ಲಿ 'ಸ್ವಂತ ಕೆಲಸ' ಎಂದು ಬರೆದು ಕೊಟ್ಟಳು. ಐದು ದಿನ ಬಿಟ್ಟು ಬಂದು ಕುರ್ಚಿಯಲ್ಲಿ ಕೂತಳು. "ಚಿಕ್ಕಕ್ಕ ಎಲ್ಲಿ, ಕಾಣ್ತಾನೇ ಇಲ್ಲ?" ಎಂದು ಹಾಲಿನವನು ಕೇಳಿದ್ದಕ್ಕೆ, "ಅವಳಿನ್ನು ಬರಲ್ಲ. ನಾಳೆಯಿಂದ ಅರ್ಧ ಲೀಟರ್ ಸಾಕು" ಎಂದಳು. ಹೊತ್ತು ಹೊತ್ತಿಗೆ ಊಟ ಮಾಡುತ್ತಿದ್ದಳು. ಉಪ್ಪು ಹೆಚ್ಚೋ ಕಡಿಮೆಯೋ ಗೊತ್ತಾಗುತ್ತಿರಲಿಲ್ಲ.

'ಫೈಲ್ ಮುಚ್ಚು' ಎಂಬ ಟೂಲಿಗೆ ಅವಳು ವಿವರಣೆ ಬರೆದದ್ದು ಆ ವಾರವೇ. ತೀರಿಕೊಂಡ ರೋಗಿಗಳಿಗಾಗಿ ಮಾಡಿದ ಟೂಲು ಅದು; ಫೈಲು ಮುಚ್ಚಿ ಮನೆಯವರಿಗೆ ಸಂತಾಪದ ಮೆಸೇಜು ಕಳಿಸುತ್ತಿತ್ತು. 'ರೋಗಿ ಇನ್ನು ಬರುವುದಿಲ್ಲ ಎಂದು ತಿಳಿದಾಗ ಬಳಸಿ' ಎಂದು ಒಂದೇ ಸಾಲು ಬರೆದಳು. ಬೇರೆ ಮಾತು ಬರೆಯಲು ಕೈ ಬರಲಿಲ್ಲ. ಓದಿ ನೋಡಿದ ಇಂಜಿನಿಯರಿಗೂ ತಪ್ಪೇನೂ ಕಾಣಲಿಲ್ಲ.

ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಕೌಂಟರಿನಲ್ಲಿ ಒಬ್ಬರು ಕೂಗಾಡುವುದು ಕೇಳಿಸಿತು. ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಬರುತ್ತಿದ್ದ ನಿವೃತ್ತ ಬಸ್ ಡ್ರೈವರ್ ಅವರು. ಹಿಂದಿನ ಸಲ ಎರಡು ಗಂಟೆ ಕಾಯಿಸಿದ್ದಕ್ಕೆ ಮೈಯೆಲ್ಲ ಉರಿದು, ಮನೆಗೆ ಹೋದವರೇ ಫೋನು ಮಾಡಿ, "ನಾನಿನ್ನು ಬರಲ್ಲ, ಏನ್ ಬೇಕಾದ್ರೂ ಮಾಡ್ಕೊಳ್ಳಿ!" ಎಂದು ಇಟ್ಟುಬಿಟ್ಟಿದ್ದರು. ಎಐ ಫೈಲು ಮುಚ್ಚಿತು. ಅವರ ಸಮಯ ಬೇರೊಬ್ಬರಿಗೆ ಹೋಯಿತು.

"ಎದುರಿಗೆ ಕೂತು ಟೀ ಕುಡೀತಿದ್ದೀನಿ, ನನ್ನ ಹೆಂಡತಿಗೆ ಮೆಸೇಜು! ನಿಮ್ಮ ದುಃಖದಲ್ಲಿ ನಾವೂ ಭಾಗಿಗಳು ಅಂತೆ! ನಾನು ಸತ್ತೆ ಅಂತ ಬರೆದೋರು ಯಾರು?"

ಕೌಂಟರಿನವನು ಎಐ ತಪ್ಪು ಎಂದು ಹೇಳುತ್ತಿದ್ದ. ಫೋನಕ್ಕ ಎದ್ದು ಅಲ್ಲಿಗೆ ಹೋದಳು.

"ನಾನೇ. ಅದು ನಾನು ಬರೆದಿದ್ದನ್ನ ಓದ್ಕೊಂಡು ಮಾಡಿದೆ."

ಡ್ರೈವರ್ ಅವಳ ಮುಖವನ್ನೇ ನೋಡಿದರು. ಅಷ್ಟರಲ್ಲಿ ನರ್ಸ್ ಬಂದು, ಹನ್ನೊಂದು ಗಂಟೆಗೆ ಒಂದು ಹಾಸಿಗೆ ಖಾಲಿಯಾಗುತ್ತದೆ ಎಂದು ಕರೆದುಕೊಂಡು ಹೋದಳು.

ಮಧ್ಯಾಹ್ನ ಫೋನಕ್ಕ ತಿದ್ದಿ ಬರೆದ ಚೀಟಿ ಹಿಡಿದು ಅವರ ಹಾಸಿಗೆ ಹತ್ತಿರ ಹೋದಳು. "ಕೇಳಿ, ಸರಿಯಿದೆಯಾ ಹೇಳಿ" ಎಂದು ಓದಿದಳು: 'ರೋಗಿ ತೀರಿಕೊಂಡಿರುವುದು ಖಚಿತವಾದಾಗ ಮಾತ್ರ ಬಳಸಿ.'

"ಖಚಿತ ಅಂದ್ರೆ ಯಾರು ಹೇಳಿದ್ರೆ ಖಚಿತ?" ಎಂದರು ಡ್ರೈವರ್. "ನನ್ನ ಭಾವಮೈದ ಫೋನ್ ಮಾಡಿ ಹೋಗ್ಬಿಟ್ಟ ಅಂದ್ರೆ ಸಾಕಾ? ಅವನು ಹೇಳೋ ಆಸಾಮೀನೇ."

ಅವಳು ವಾಪಸು ಬಂದು ಮತ್ತೆ ಬರೆದಳು. ಡಾಕ್ಟರ್ ಸಹಿ ಇರುವ ಮರಣ ಪತ್ರ ಫೈಲಿನಲ್ಲಿದ್ದರೆ ಮಾತ್ರ ಬಳಸಿ. ಫೋನಿನಲ್ಲಿ ಯಾರೇ ಹೇಳಿದರೂ ಬಳಸಬೇಡಿ. 'ಬರಲ್ಲ' ಎನ್ನುವವರಿಗೆ 'ದಿನ ಬದಲಿಸು' ಟೂಲ್ ಇದೆ. ಮೊದಲು ಅವರನ್ನೇ ಕೇಳಿ. ಒಮ್ಮೆ ಮುಚ್ಚಿದ ಫೈಲನ್ನು ಎಐ ತಾನೇ ತೆರೆಯಲಾರದು. ಅನುಮಾನವಿದ್ದರೆ ಕೌಂಟರಿಗೆ ಕರೆ ವರ್ಗಾಯಿಸಿ.

ಇಂಜಿನಿಯರ್ ಓದಿ ತಲೆದೂಗಿದರು. "ಮೊದಲೇ ಹೀಗೆ ಬರೀಬಹುದಿತ್ತಲ್ಲ ಅಕ್ಕ? ಅಷ್ಟು ಮೊಟಕಾಗಿ ಯಾಕೆ ಬರೆದ್ರಿ?"

"ಆಗ ನನಗೆ 'ಇನ್ನು ಬರಲ್ಲ' ಅನ್ನೋ ಮಾತಿಗೆ ಒಂದೇ ಅರ್ಥ ಇತ್ತು. ತಂಗಿ ತೀರಿಕೊಂಡು ವಾರ ಆಗಿತ್ತು."

ಇಂಜಿನಿಯರ್ ಚೀಟಿ ಕೆಳಗಿಟ್ಟರು. "ನಮಗ್ಯಾರಿಗೂ ಹೇಳಲೇ ಇಲ್ವಲ್ಲ..."

"ಹೇಳಿಲ್ಲ" ಎಂದಳು. ತಂಗಿ ತೀರಿಕೊಂಡಳು ಎಂದು ತಾನು ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು ಎಂದು ಅವಳಿಗೆ ಆಮೇಲೆ ಹೊಳೆಯಿತು. ಏನೂ ಆಗಲಿಲ್ಲ. ಫ್ಯಾನು ತಿರುಗುತ್ತಲೇ ಇತ್ತು.

ಇಬ್ಬರೂ ಕೂತು ಪರೀಕ್ಷೆ ಮಾಡಿದರು. ಸಿಟ್ಟಿನಲ್ಲಿ, ಬೇಸರದಲ್ಲಿ, ತಮಾಷೆಗೆ ಜನ 'ಬರಲ್ಲ' ಎನ್ನುವ ಇಪ್ಪತ್ತು ಬಗೆಯನ್ನು ಫೋನಕ್ಕ ಹೇಳಿ ತೋರಿಸಿದಳು. ಇಪ್ಪತ್ತು ಸಲವೂ ಫೈಲು ಮುಚ್ಚಲಿಲ್ಲ. ಡ್ರೈವರಿಗೆ ಗುರುವಾರದಿಂದ ಹಳೆಯ ಸಮಯವೇ ಸಿಕ್ಕಿತು. ಉಳಿದ ಹದಿಮೂರು ವಿವರಣೆಗಳನ್ನು ಅವಳು ತಿಂಗಳೊಳಗೆ ತಿದ್ದಿ ಮುಗಿಸಿದಳು.

ತಂಗಿಯ ವಿಷಯ ಹೇಳಿದ ದಿನ ಮನೆಗೆ ಹೋಗಿ ಅವಳು ಅತ್ತಿರಬೇಕು ಎಂದು ಇಂಜಿನಿಯರ್ ಈಗಲೂ ನಂಬಿದ್ದಾರೆ. ಅವಳು ಅಳಲಿಲ್ಲ. ಬಟ್ಟೆ ನೆನೆಹಾಕಿ, ಬಾಗಿಲ ಚಿಲಕ ನೋಡಿ ಬಂದು ಮಲಗಿದಳು.